ಸಮಾನತೆ: ಯಾವುದರಲ್ಲಿ, ಏತಕ್ಕಾಗಿ?

ಎಲ್ಲರೂ ಸಮಾನರು ಎಂಬ ಮಾತನ್ನು ಇಂದು ನೇರವಾಗಿ ಅಲ್ಲಗಳೆಯುವವರು ವಿರಳ. ತಕರಾರು ಶುರುವಾಗುವುದು ಮುಂದಿನ ಪ್ರಶ್ನೆಯಲ್ಲಿ: ಯಾವುದರಲ್ಲಿ ಸಮಾನರು? ವರಮಾನದಲ್ಲೋ, ಅವಕಾಶದಲ್ಲೋ, ಹಕ್ಕಿನಲ್ಲೋ, ನೆಮ್ಮದಿಯಲ್ಲೋ? ಒಂದರಲ್ಲಿ ಸಮಾನತೆ ತಂದರೆ ಇನ್ನೊಂದರಲ್ಲಿ ಅಸಮಾನತೆ ತಾನಾಗಿಯೇ ತಲೆದೋರುತ್ತದೆ. ಒಂದೇ ಕೆಲಸಕ್ಕೆ ಒಂದೇ ಕೂಲಿ ಎಂದು ನಿಗದಿಯಾದರೆ, ಇಬ್ಬರು ದುಡಿದು ಇಬ್ಬರೇ ಉಣ್ಣುವ ಮನೆಗೂ ಒಬ್ಬರ ದುಡಿಮೆಯಲ್ಲಿ ಆರು ಜನ ಬದುಕುವ ಮನೆಗೂ ತಲಾ ಬರುವ ಪಾಲು ಒಂದೇ ಆಗಿರುವುದಿಲ್ಲ. ತಲಾ ಪಾಲನ್ನು ಸರಿದೂಗಿಸಲು ಹೋದರೆ ಒಂದೇ ಕೆಲಸಕ್ಕೆ ಬೇರೆ ಬೇರೆ ಕೂಲಿ ಕೊಡಬೇಕಾಗುತ್ತದೆ. ಆದ್ದರಿಂದ ಸಮಾನತೆಯ ಪರ ನಿಲ್ಲುವುದಷ್ಟೇ ಸಾಲದು; ಯಾವ ಅಸಮಾನತೆಯನ್ನು ಸಹಿಸಿಕೊಳ್ಳಬಹುದು, ಯಾವುದನ್ನು ಸಹಿಸಬಾರದು ಎಂಬುದನ್ನೂ ಹೇಳಬೇಕಾಗುತ್ತದೆ.

ಕಳೆದ ಐದು ದಶಕಗಳ ನೈತಿಕ ಮತ್ತು ರಾಜಕೀಯ ತತ್ತ್ವಶಾಸ್ತ್ರದಲ್ಲಿ ಈ ಪ್ರಶ್ನೆಯಷ್ಟು ಚರ್ಚೆಯಾದ ಪ್ರಶ್ನೆಗಳು ಕಡಿಮೆ. ಚರ್ಚೆ ಮೂರು ಘಟ್ಟಗಳನ್ನು ದಾಟಿ ಬಂದಿದೆ. ಮೊದಲು ಅದು ಸಂಪತ್ತು, ಹಕ್ಕು, ಅವಕಾಶಗಳ ಹಂಚಿಕೆಯ ಪ್ರಶ್ನೆಯಾಗಿತ್ತು. ಬಳಿಕ ಹಂಚಿದ್ದರಿಂದ ಜನ ಏನು ಮಾಡಬಲ್ಲರು, ಏನಾಗಬಲ್ಲರು ಎಂಬತ್ತ ತಿರುಗಿತು. ಕೊನೆಗೆ, ಜನ ಪರಸ್ಪರರ ಎದುರು ಹೇಗೆ ನಿಲ್ಲುತ್ತಾರೆ ಎಂಬ ಪ್ರಶ್ನೆಗೆ ಬಂತು. ಪಶ್ಚಿಮದ ವಿಶ್ವವಿದ್ಯಾಲಯಗಳು ತಡವಾಗಿ ತಲುಪಿದ ಈ ಮೂರನೆಯ ಪ್ರಶ್ನೆ ಭಾರತದಲ್ಲಿ ಮೊದಲನೆಯದಾಗಿತ್ತು.

ರಾಲ್ಸ್ ಹಾಕಿದ ಅಡಿಪಾಯ

ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಇಂಗ್ಲಿಷ್ ಮಾತನಾಡುವ ದೇಶಗಳ ರಾಜಕೀಯ ಚಿಂತನೆಯಲ್ಲಿ ಮೇಲುಗೈ ಪಡೆದಿದ್ದುದು ಜೆರೆಮಿ ಬೆಂಥಮ್ ಮತ್ತು ಜಾನ್ ಸ್ಟುವರ್ಟ್ ಮಿಲ್ ಅವರ ಉಪಯುಕ್ತತಾವಾದ. ಒಟ್ಟು ಸುಖವನ್ನು ಹೆಚ್ಚಿಸುವ ನೀತಿಯೇ ಸರಿಯಾದ ನೀತಿ ಎಂಬುದು ಅದರ ಸಾರ. ಅದರಲ್ಲಿಯೂ ಒಂದು ಬಗೆಯ ಸಮಾನತೆ ಇದೆ: ಅರಸನ ಸುಖಕ್ಕೂ ಆಳಿನ ಸುಖಕ್ಕೂ ಲೆಕ್ಕದಲ್ಲಿ ಒಂದೇ ತೂಕ. ಆದರೆ ಮೊತ್ತ ಹೆಚ್ಚುವುದಾದರೆ ಅದು ಯಾರ ಪಾಲಿಗೆ ಎಷ್ಟು ಹೋಯಿತು ಎಂಬುದು ಅದಕ್ಕೆ ಮುಖ್ಯವಲ್ಲ. ಕೆಲವರ ಬದುಕನ್ನು ಬಲಿಗೊಟ್ಟು ಹಲವರ ಸುಖ ಹೆಚ್ಚಿಸಬಹುದಾದರೆ ಅದನ್ನು ತಡೆಯುವ ತತ್ತ್ವ ಅದರೊಳಗೆ ಸುಲಭವಾಗಿ ಸಿಗುವುದಿಲ್ಲ.

ಹಾರ್ವರ್ಡ್‌ನ ಜಾನ್ ರಾಲ್ಸ್ 1971ರಲ್ಲಿ ಪ್ರಕಟಿಸಿದ ‘ಎ ಥಿಯರಿ ಆಫ್ ಜಸ್ಟಿಸ್’ ಈ ಕೊರತೆಗೆ ಉತ್ತರವಾಗಿ ಬಂತು. ರಾಲ್ಸ್ ಒಂದು ಕಲ್ಪಿತ ಸಭೆಯನ್ನು ಮುಂದಿಡುತ್ತಾರೆ. ಸಮಾಜದ ಮೂಲ ನಿಯಮಗಳನ್ನು ಗೊತ್ತುಮಾಡಲು ಸೇರಿದವರಿಗೆ ತಾವು ಯಾವ ಮನೆಯಲ್ಲಿ ಹುಟ್ಟುವೆವು, ಬಡವರೋ ಸಿರಿವಂತರೋ, ಜಾಣರೋ ಅಲ್ಲವೋ, ಯಾವ ಧರ್ಮದವರು ಎಂಬುದೊಂದೂ ತಿಳಿದಿರುವುದಿಲ್ಲ. ಈ ‘ಅಜ್ಞಾನದ ಪರದೆ’ಯ ಹಿಂದೆ ಕುಳಿತು ತೀರ್ಮಾನಿಸುವವರು ತಮಗೆ ಅನುಕೂಲವಾಗುವಂತೆ ನಿಯಮ ಬರೆದುಕೊಳ್ಳಲಾರರು. ಇಂಥವರು ಎರಡು ತತ್ತ್ವಗಳನ್ನು ಒಪ್ಪುತ್ತಾರೆ ಎನ್ನುವುದು ರಾಲ್ಸ್ ವಾದ. ಒಂದು, ಎಲ್ಲರಿಗೂ ಸಮಾನವಾದ ಮೂಲ ಸ್ವಾತಂತ್ರ್ಯಗಳು. ಎರಡು, ಸಾಮಾಜಿಕ ಮತ್ತು ಆರ್ಥಿಕ ಅಸಮಾನತೆಗಳು ಇರುವುದಾದರೆ ಹುದ್ದೆ ಸ್ಥಾನಗಳು ನ್ಯಾಯಯುತ ಅವಕಾಶದ ಮೂಲಕ ಎಲ್ಲರಿಗೂ ತೆರೆದಿರಬೇಕು. ಜೊತೆಗೆ ಆ ಅಸಮಾನತೆಗಳಿಂದ ಅತ್ಯಂತ ಕೆಳಗಿರುವವರಿಗೆ ಹೆಚ್ಚಿನ ಲಾಭವಾಗಬೇಕು. ಈ ಕೊನೆಯ ಷರತ್ತಿಗೆ ವ್ಯತ್ಯಾಸ ತತ್ತ್ವ ಎಂದು ಹೆಸರು. ಇವುಗಳಲ್ಲಿ ಸ್ವಾತಂತ್ರ್ಯಕ್ಕೆ ಮೊದಲ ಸ್ಥಾನ. ಆರ್ಥಿಕ ಲಾಭಕ್ಕಾಗಿ ಅದನ್ನು ಮಾರಿಕೊಳ್ಳುವಂತಿಲ್ಲ.

ಇಷ್ಟಕ್ಕೇ ನಿಲ್ಲದೆ ರಾಲ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. ಶ್ರೀಮಂತರ ಮನೆಯಲ್ಲಿ ಹುಟ್ಟುವುದು ಯಾರ ಸಾಧನೆಯೂ ಅಲ್ಲ ಎಂಬುದನ್ನು ಬಹುಮಂದಿ ಒಪ್ಪುತ್ತಾರೆ. ಹುಟ್ಟಿನಿಂದ ಬಂದ ಬುದ್ಧಿ, ಕಂಠ, ಮೈಕಟ್ಟು ಕೂಡ ಹಾಗೆಯೇ ಅಲ್ಲವೇ? ನೈತಿಕವಾಗಿ ನೋಡಿದರೆ ಅವೂ ಆಕಸ್ಮಿಕಗಳೇ. ಪ್ರತಿಭಾವಂತರು ಹೆಚ್ಚು ಗಳಿಸಬಾರದು ಎಂದು ಇದರ ಅರ್ಥವಲ್ಲ. ಅವರ ಗಳಿಕೆ ನ್ಯಾಯಯುತವಾಗುವುದು, ಹಿಂದುಳಿದವರ ಸ್ಥಿತಿಯನ್ನೂ ಸುಧಾರಿಸುವ ಏರ್ಪಾಡಿನೊಳಗೆ ಮಾತ್ರ ಎಂದು ಅರ್ಥ.

ಹಕ್ಕಿನ ವಾದ ಮತ್ತು ಚೇಂಬರ್ಲಿನ್ ಉದಾಹರಣೆ

ಮೂರೇ ವರ್ಷಗಳಲ್ಲಿ, 1974ರಲ್ಲಿ, ಅದೇ ಹಾರ್ವರ್ಡ್‌ನ ರಾಬರ್ಟ್ ನೋಜಿಕ್ ‘ಅನಾರ್ಕಿ, ಸ್ಟೇಟ್, ಅಂಡ್ ಯುಟೋಪಿಯಾ’ ಮೂಲಕ ಎದುರುತ್ತರ ಕೊಟ್ಟರು. ರಾಲ್ಸ್ ಅವರಂಥವರು ಸಂಪತ್ತನ್ನು ಆಕಾಶದಿಂದ ಉದುರಿದ ಒಡೆಯರಿಲ್ಲದ ಸರಕಿನಂತೆ ಕಾಣುತ್ತಾರೆ ಎಂಬುದು ನೋಜಿಕ್ ಆಕ್ಷೇಪ. ವಾಸ್ತವದಲ್ಲಿ ಪ್ರತಿಯೊಂದು ವಸ್ತುವೂ ಯಾರೋ ಗಳಿಸಿದ್ದು, ಯಾರೋ ಕೊಟ್ಟದ್ದು. ಗಳಿಕೆ ನ್ಯಾಯವಾಗಿದ್ದು, ಕೈಬದಲಾವಣೆ ಒಪ್ಪಿಗೆಯಿಂದ ನಡೆದಿದ್ದರೆ, ಅಂತಿಮ ಹಂಚಿಕೆ ಎಷ್ಟೇ ಏರುಪೇರಾಗಿರಲಿ ಅದು ನ್ಯಾಯವೇ.

ಇದಕ್ಕೆ ನೋಜಿಕ್ ಕೊಟ್ಟ ಉದಾಹರಣೆಯಲ್ಲಿ ಬರುವವರು ಆ ಕಾಲದ ಹೆಸರಾಂತ ಬ್ಯಾಸ್ಕೆಟ್‌ಬಾಲ್ ಆಟಗಾರ ವಿಲ್ಟ್ ಚೇಂಬರ್ಲಿನ್. ಎಲ್ಲರಿಗೂ ಸಮಪಾಲು ಸಿಕ್ಕಿರುವ ಒಂದು ಸಮಾಜವಿದೆ ಎಂದುಕೊಳ್ಳಬೇಕು. ಚೇಂಬರ್ಲಿನ್ ಆಟ ನೋಡಲು ಬರುವ ಪ್ರತಿಯೊಬ್ಬರೂ ಟಿಕೆಟ್ಟಿನ ಜೊತೆಗೆ 25 ಸೆಂಟ್‌ಗಳನ್ನು ಅವರಿಗೆಂದೇ ಕೊಡುತ್ತಾರೆ. ಹತ್ತು ಲಕ್ಷ ಜನ ನೋಡಿದರೆ ಅವರ ಕೈಯಲ್ಲಿ 2,50,000 ಡಾಲರ್. ಸಮಪಾಲು ಮುರಿಯಿತು, ಆದರೆ ಯಾರಿಗೂ ಅನ್ಯಾಯವಾಗಲಿಲ್ಲ, ಎಲ್ಲರೂ ಮನಸಾರೆ ಕೊಟ್ಟರು. ಸಮಾನತೆಯನ್ನು ಕಾಪಾಡಲೇಬೇಕೆಂದರೆ ಸರ್ಕಾರ ಜನರ ವ್ಯವಹಾರಗಳಲ್ಲಿ ಸದಾ ಕೈಹಾಕುತ್ತಲೇ ಇರಬೇಕಾಗುತ್ತದೆ ಎಂಬುದು ಉದಾಹರಣೆಯ ಗುರಿ.

ಈ ವಾದಕ್ಕೆ ಬಂದ ಉತ್ತರಗಳಲ್ಲಿ ಜಿ.ಎ. ಕೋಹೆನ್ ಅವರದು ಮುಖ್ಯ. ಹಣ ಕೊಟ್ಟವರು ಒಪ್ಪಿ ಕೊಟ್ಟಿರಬಹುದು. ಆದರೆ ಕೂಡಿಬಿದ್ದ ಸಂಪತ್ತು ಅಧಿಕಾರವಾಗುತ್ತದೆ. ಆ ಅಧಿಕಾರದ ಕೆಳಗೆ ಬದುಕಬೇಕಾದ ಮುಂದಿನ ಪೀಳಿಗೆಯ ಮಕ್ಕಳನ್ನು ಯಾರೂ ಕೇಳಿರಲಿಲ್ಲ. ಇದಲ್ಲದೆ ನೋಜಿಕ್ ಸಿದ್ಧಾಂತದೊಳಗೇ ಒಂದು ಬಾಗಿಲು ತೆರೆದಿದೆ. ಹಿಂದೆ ಅನ್ಯಾಯದಿಂದ ಕೈಸೇರಿದ್ದನ್ನು ಸರಿಪಡಿಸಬೇಕು ಎಂಬ ಮೂರನೆಯ ತತ್ತ್ವವನ್ನು ಅವರೇ ಒಪ್ಪುತ್ತಾರೆ. ಚರಿತ್ರೆಯ ಅನ್ಯಾಯ ಎಷ್ಟು, ಯಾರಿಂದ ಯಾರಿಗೆ ಎಂದು ಲೆಕ್ಕ ಸಿಗದಿದ್ದಾಗ, ಅತ್ಯಂತ ಕೆಳಗಿರುವ ಗುಂಪಿನ ಸ್ಥಿತಿಯನ್ನು ಸುಧಾರಿಸುವುದು ಒಂದು ಸ್ಥೂಲ ಪರಿಹಾರವಾಗಬಹುದು ಎಂಬ ಸೂಚನೆಯೂ ಅವರ ಪುಸ್ತಕದಲ್ಲಿದೆ. ಭೂಮಿ, ವಿದ್ಯೆ, ದೇವಾಲಯ, ಕೆರೆಗಳಿಂದ ಜನರನ್ನು ಶತಮಾನಗಳ ಕಾಲ ದೂರವಿಟ್ಟ ಸಮಾಜದಲ್ಲಿ ಈ ಮೂರನೆಯ ತತ್ತ್ವ ಮೊದಲೆರಡಕ್ಕಿಂತ ದೊಡ್ಡದಾಗಿಬಿಡುತ್ತದೆ.

ವಸ್ತುವಿನಿಂದ ಸಾಮರ್ಥ್ಯದೆಡೆಗೆ

ರಾಲ್ಸ್ ಮತ್ತು ನೋಜಿಕ್ ಇಬ್ಬರ ಗಮನವೂ ಜನರ ಕೈಯಲ್ಲಿ ಏನಿದೆ ಎಂಬುದರ ಮೇಲಿತ್ತು. ಅಮರ್ತ್ಯ ಸೇನ್ 1979ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೊಟ್ಟ ಟ್ಯಾನರ್ ಉಪನ್ಯಾಸ ಈ ನೋಟವನ್ನೇ ಪ್ರಶ್ನಿಸಿತು. ಉಪನ್ಯಾಸದ ಶೀರ್ಷಿಕೆಯೇ ಯಾವುದರ ಸಮಾನತೆ ಎಂಬ ಪ್ರಶ್ನೆಯಾಗಿತ್ತು.

ಸೇನ್ ವಾದಕ್ಕೆ ಎರಡು ಮುಖಗಳಿವೆ. ಒಂದು ಕಡೆ, ಜನ ಎಷ್ಟು ತೃಪ್ತರಾಗಿದ್ದಾರೆ ಎಂಬುದನ್ನು ಅಳತೆಗೋಲು ಮಾಡಿಕೊಳ್ಳುವಂತಿಲ್ಲ. ದೀರ್ಘಕಾಲ ದಬ್ಬಾಳಿಕೆಯಲ್ಲಿ ಬದುಕಿದವರು ಆಸೆಯನ್ನೇ ಕುಗ್ಗಿಸಿಕೊಂಡಿರುತ್ತಾರೆ. ಸಿಕ್ಕಷ್ಟರಲ್ಲಿ ಸಮಾಧಾನಪಟ್ಟುಕೊಳ್ಳುವುದು ಅವರಿಗೆ ಬದುಕುಳಿಯುವ ದಾರಿ. ಆ ಸಮಾಧಾನವನ್ನು ನ್ಯಾಯದ ಸಾಕ್ಷಿಯಾಗಿ ಹಿಡಿದರೆ ದಬ್ಬಾಳಿಕೆಗೇ ಪ್ರಮಾಣಪತ್ರ ಕೊಟ್ಟಂತೆ. ಇನ್ನೊಂದು ಕಡೆ, ಕೈಯಲ್ಲಿರುವ ಸಾಧನಗಳೂ ಸರಿಯಾದ ಅಳತೆಗೋಲಲ್ಲ. ಒಂದೇ ವರಮಾನವಿರುವ ಇಬ್ಬರಲ್ಲಿ ಒಬ್ಬರಿಗೆ ನಡೆಯಲು ಬಾರದಿದ್ದರೆ, ಇನ್ನೊಬ್ಬರು ಸಲೀಸಾಗಿ ಮಾಡುವುದನ್ನು ಮಾಡಲು ಅವರಿಗೆ ಹೆಚ್ಚು ಖರ್ಚಾಗುತ್ತದೆ. ಬಸುರಿಗೆ, ಬಾಣಂತಿಗೆ, ಮೈಮುರಿದು ದುಡಿಯುವವರಿಗೆ ಬೇಕಾಗುವ ಆಹಾರ ಬೇರೆ. ಮಲೇರಿಯಾ ಹರಡಿರುವ ಊರಿನಲ್ಲಿ ಆರೋಗ್ಯವಾಗಿರಲು ಬೇಕಾಗುವುದು ಬೇರೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ, ಜನ ನಿಜಕ್ಕೂ ಏನು ಮಾಡಬಲ್ಲರು, ಏನಾಗಬಲ್ಲರು ಎಂಬುದು. ಇದನ್ನೇ ಸೇನ್ ಸಾಮರ್ಥ್ಯ ಎಂದು ಕರೆದರು.

ಸೇನ್ ತಮ್ಮ ಬರಹಗಳಲ್ಲಿ ಬಳಸುವ ಸೈಕಲ್ಲಿನ ಉದಾಹರಣೆ ಇದನ್ನು ಸ್ಪಷ್ಟಗೊಳಿಸುತ್ತದೆ. ಸೈಕಲ್ಲು ಒಂದು ವಸ್ತು. ಓಡಾಡುವುದು ಅದರಿಂದ ಸಾಧ್ಯವಾಗುವ ಕೆಲಸ. ವಸ್ತು ಕೆಲಸವಾಗಿ ಮಾರ್ಪಡಲು ಬೇರೆ ಸಂಗತಿಗಳೂ ಕೂಡಿಬರಬೇಕು. ಕರ್ನಾಟಕದಲ್ಲಿ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುವಾದಾಗ ಹಂಚಿದ್ದು ಸೈಕಲ್ಲನ್ನು; ಗುರಿ ಇದ್ದದ್ದು ದೂರದ ಪ್ರೌಢಶಾಲೆಗೆ ಹೋಗಿಬರುವ ಸಾಮರ್ಥ್ಯ. ದಾರಿ ಸರಿಯಿಲ್ಲದಿದ್ದರೆ, ಮಗಳು ಒಬ್ಬಳೇ ಹೋಗುವುದನ್ನು ಮನೆಯವರು ಒಪ್ಪದಿದ್ದರೆ, ಸೈಕಲ್ಲು ಜಗಲಿಯಲ್ಲೇ ಉಳಿಯುತ್ತದೆ. 2023ರ ಜೂನ್‌ನಲ್ಲಿ ಜಾರಿಗೆ ಬಂದ, ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ಕಲ್ಪಿಸುವ ಶಕ್ತಿ ಯೋಜನೆಯನ್ನೂ ಇದೇ ಕಣ್ಣಿನಿಂದ ನೋಡಬಹುದು. ಉಳಿಯುವ ಟಿಕೆಟ್ ದುಡ್ಡಿಗಿಂತ, ಯಾರ ಬಳಿಯೂ ಕೈಚಾಚದೆ ಮನೆಯಿಂದ ಹೊರಡಲು ಆಗುತ್ತದೆಯೇ ಎಂಬುದು ಇಲ್ಲಿ ದೊಡ್ಡ ಪ್ರಶ್ನೆ.

ಮನೆಯೊಳಗಿನ ಈ ಪ್ರಶ್ನೆಯನ್ನು ಸೂಸನ್ ಮೋಲರ್ ಓಕಿನ್ 1989ರಲ್ಲಿ ರಾಲ್ಸ್ ಅವರ ಮುಂದಿಟ್ಟಿದ್ದರು. ರಾಲ್ಸ್ ಕಲ್ಪಿಸಿದ ಸಭೆಯಲ್ಲಿ ಕುಟುಂಬದ ಯಜಮಾನರು ಕೂಡಿದ್ದರು. ಕುಟುಂಬದೊಳಗೆ ದುಡಿಮೆ, ವಿರಾಮ, ಅಧಿಕಾರ ಹೇಗೆ ಹಂಚಿಕೆಯಾಗುತ್ತದೆ ಎಂಬುದು ಅವರ ಗಮನಕ್ಕೆ ಬರುವಂತಿರಲಿಲ್ಲ. ನ್ಯಾಯವನ್ನು ಮಕ್ಕಳು ಮೊದಲು ಕಲಿಯುವುದು ಮನೆಯಲ್ಲಿ. ಆ ಮನೆಯೇ ಅನ್ಯಾಯದ ಮಾದರಿಯಾಗಿದ್ದರೆ ನ್ಯಾಯಯುತ ಸಮಾಜದ ನಾಗರಿಕರು ಎಲ್ಲಿಂದ ಬರುತ್ತಾರೆ ಎಂಬುದು ಓಕಿನ್ ಪ್ರಶ್ನೆಯಾಗಿತ್ತು. ಸಾಮರ್ಥ್ಯದ ಚಿಂತನೆಯನ್ನು ಮುಂದುವರಿಸಿದ ಮಾರ್ಥಾ ನುಸ್‌ಬಾಮ್ ಬದುಕು, ಆರೋಗ್ಯ, ದೈಹಿಕ ಸುರಕ್ಷತೆಯಿಂದ ಹಿಡಿದು ಆಟ ಮತ್ತು ತನ್ನ ಪರಿಸರದ ಮೇಲಿನ ಹಿಡಿತದವರೆಗೆ ಹತ್ತು ಮೂಲ ಸಾಮರ್ಥ್ಯಗಳ ಪಟ್ಟಿ ಕೊಟ್ಟರು. ಪಟ್ಟಿಯನ್ನು ತತ್ತ್ವಜ್ಞರು ಬರೆದುಕೊಡಬಾರದು, ಸಾರ್ವಜನಿಕ ಚರ್ಚೆಯಲ್ಲಿ ಜನರೇ ತೀರ್ಮಾನಿಸಬೇಕು ಎಂಬುದು ಸೇನ್ ನಿಲುವು. ಸಾಮರ್ಥ್ಯವಾದಿಗಳ ನಡುವಿನ ಮುಖ್ಯ ಭಿನ್ನಾಭಿಪ್ರಾಯ ಇದು.

ಅದೃಷ್ಟ ಮತ್ತು ಆಯ್ಕೆ

1980ರ ದಶಕದಲ್ಲಿ ಚರ್ಚೆ ಇನ್ನೊಂದು ದಿಕ್ಕಿಗೂ ಕವಲೊಡೆಯಿತು. ಒಬ್ಬರ ಕಷ್ಟಕ್ಕೆ ಅವರೇ ಹೊಣೆಯಾಗಿದ್ದರೆ ಸಮಾಜ ಅದನ್ನು ಭರಿಸಬೇಕೇ? ರೊನಾಲ್ಡ್ ಡ್ವರ್ಕಿನ್ 1981ರ ಎರಡು ಪ್ರಬಂಧಗಳಲ್ಲಿ ಇದಕ್ಕೆ ಒಂದು ಚೌಕಟ್ಟು ಕಟ್ಟಿದರು. ಹಡಗು ಒಡೆದು ನಿರ್ಜನ ದ್ವೀಪ ಸೇರಿದ ಜನ ಅಲ್ಲಿನ ಸಂಪನ್ಮೂಲಗಳನ್ನು ಹರಾಜು ಹಾಕುತ್ತಾರೆ. ಪ್ರತಿಯೊಬ್ಬರ ಕೈಯಲ್ಲೂ ಸಮಾನ ಎಣಿಕೆಯ ಚಿಪ್ಪುಗಳು ದುಡ್ಡಿನ ಬದಲಿಗೆ ಇರುತ್ತವೆ. ಹರಾಜು ಮುಗಿದಾಗ ಇನ್ನೊಬ್ಬರ ಪಾಲನ್ನು ಕಂಡು ತನಗೆ ಅದು ಬೇಕಿತ್ತು ಎಂದು ಯಾರಿಗೂ ಅನ್ನಿಸದಿದ್ದರೆ ಹಂಚಿಕೆ ಸಮಾನವಾಗಿದೆ ಎಂದು ಅರ್ಥ. ಮುಂದೆ ಒಬ್ಬರು ಜೂಜಾಡಿ ಸೋತರೆ ಅದು ಅವರ ಆಯ್ಕೆಯ ಫಲ. ಸಿಡಿಲು ಬಡಿದರೆ, ಹುಟ್ಟುಕುರುಡಾಗಿದ್ದರೆ ಅದು ಶುದ್ಧ ದುರದೃಷ್ಟ. ಅದಕ್ಕೆ ಸಮಾಜ ಪರಿಹಾರ ಕೊಡಬೇಕು. ಎಲ್ಲರಿಗೂ ಅಪಾಯ ಒಂದೇ ಸಮನಾಗಿದ್ದಿದ್ದರೆ ಜನ ಎಷ್ಟು ವಿಮೆ ಮಾಡಿಸಿಕೊಳ್ಳುತ್ತಿದ್ದರೋ ಅದೇ ಆ ಪರಿಹಾರದ ಅಳತೆ.

ಕೋಹೆನ್ ಮತ್ತು ರಿಚರ್ಡ್ ಆರ್ನೆಸನ್ 1989ರಲ್ಲಿ ಈ ಎಳೆಯನ್ನು ಹಿಡಿದು, ತಾನಾಗಿ ಆರಿಸಿಕೊಳ್ಳದ ಹಿನ್ನಡೆಗಳನ್ನು ನಿವಾರಿಸುವುದೇ ಸಮಾನತೆಯ ತಿರುಳು ಎಂಬತ್ತ ಚಿಂತನೆಯನ್ನು ಬೆಳೆಸಿದರು. ಅದೃಷ್ಟ ಸಮತಾವಾದ ಎಂದು ಹೆಸರಾದ ಈ ನಿಲುವಿಗೆ ಒಂದು ಬಲವಿತ್ತು. ಸಮಾನತೆ ಸೋಮಾರಿತನಕ್ಕೆ ಬಹುಮಾನ ಕೊಡುತ್ತದೆ ಎಂಬ ಹಳೆಯ ಆಕ್ಷೇಪವನ್ನು ಅದು ನೇರವಾಗಿ ಎದುರಿಸಿತು. ಆದರೆ ಆಯ್ಕೆ ಎಲ್ಲಿ ಮುಗಿಯುತ್ತದೆ, ಅದೃಷ್ಟ ಎಲ್ಲಿ ಶುರುವಾಗುತ್ತದೆ ಎಂಬ ಗಡಿ ಸುಲಭವಾಗಿ ಸಿಗುವಂಥದಲ್ಲ. ಕಷ್ಟಪಟ್ಟು ಓದುವ ಹಟ ಕೂಡ ಬೆಳೆದ ಮನೆಯಿಂದ, ಸಿಕ್ಕ ಮೇಷ್ಟರಿಂದ ಬಂದಿರಬಹುದು.

ಸಮಾನತೆಯೇ ಗುರಿಯೇ ಎಂಬ ಅನುಮಾನ

ಇದೇ ಹೊತ್ತಿಗೆ ಸಮಾನತೆಗೆ ಸ್ವತಃ ಬೆಲೆಯಿದೆಯೇ ಎಂಬ ಅನುಮಾನವೂ ಎದ್ದಿತು. ಹ್ಯಾರಿ ಫ್ರಾಂಕ್‌ಫರ್ಟ್ 1987ರಲ್ಲಿ ಬರೆದಂತೆ, ಒಬ್ಬರ ಬಳಿ ಇನ್ನೊಬ್ಬರಿಗಿಂತ ಕಡಿಮೆ ಇದೆ ಎಂಬುದು ಸಮಸ್ಯೆಯಲ್ಲ. ಬದುಕಲು ಸಾಕಾಗುವಷ್ಟು ಇಲ್ಲ ಎಂಬುದು ಸಮಸ್ಯೆ. ಡೆರೆಕ್ ಪಾರ್ಫಿಟ್ 1991ರ ಉಪನ್ಯಾಸವೊಂದರಲ್ಲಿ ಇನ್ನೂ ಮೊನಚಾದ ಆಕ್ಷೇಪವನ್ನು ವಿವರಿಸಿದರು. ಸಮಾನತೆಯೇ ಗುರಿಯಾದರೆ, ಕೆಳಗಿರುವವರನ್ನು ಒಂದಿಂಚೂ ಮೇಲೆತ್ತದೆ ಮೇಲಿರುವವರನ್ನು ಕೆಳಗಿಳಿಸಿದರೂ ಒಂದು ಬಗೆಯಲ್ಲಿ ಒಳಿತಾಯಿತು ಎನ್ನಬೇಕಾಗುತ್ತದೆ. ಕಣ್ಣಿದ್ದವರ ಕಣ್ಣು ಕಿತ್ತರೆ ಕುರುಡರಿಗೇನು ಲಾಭ? ಹೀಗಾಗಿ ಸಮಾನತೆಯ ಜಾಗದಲ್ಲಿ ಆದ್ಯತೆಯ ತತ್ತ್ವವನ್ನು ಇಡಬಹುದು ಎಂಬ ದಾರಿ ಕಾಣಿಸಿತು: ಹೆಚ್ಚು ಕಷ್ಟದಲ್ಲಿರುವವರಿಗೆ ಆಗುವ ಉಪಕಾರಕ್ಕೆ ಹೆಚ್ಚು ತೂಕ ಕೊಡಬೇಕು, ಅಷ್ಟೇ.

ಎರಡೂ ವಾದಗಳಲ್ಲಿ ಸತ್ಯಾಂಶವಿದೆ. ಹಸಿವಿನ ಪ್ರಶ್ನೆ ಎದುರಾದಾಗ ತುರ್ತಾಗಿ ಬೇಕಾಗಿರುವುದು ಸಾಕಷ್ಟು ಊಟ; ಹೋಲಿಕೆಯಲ್ಲ. ಆದರೆ ಸಾಕಷ್ಟು ಎಂಬ ಗೆರೆಯ ಮೇಲೆ ಏನಾದರೂ ಆಗಲಿ ಎಂದು ಬಿಡುವುದೂ ಕಷ್ಟ. ಎಲ್ಲರ ಹೊಟ್ಟೆ ತುಂಬಿದ್ದರೂ ಕೆಲವೇ ಮಂದಿಯ ಬಳಿ ಅಪಾರ ಸಂಪತ್ತು ಸೇರಿದರೆ ಅದು ಚುನಾವಣೆಯನ್ನು, ಮಾಧ್ಯಮವನ್ನು, ಶಾಲೆಯನ್ನು ಕೊಳ್ಳಬಲ್ಲದು. ಆಗ ಒಂದು ಮತಕ್ಕೆ ಒಂದೇ ಬೆಲೆ ಎಂಬ ಮಾತು ಕಾಗದದಲ್ಲಿ ಉಳಿಯುತ್ತದೆ.

ಸಂಬಂಧವಾಗಿ ಸಮಾನತೆ

ಅಮೆರಿಕದ ಎಲಿಜಬೆತ್ ಆಂಡರ್ಸನ್ 1999ರ ತಮ್ಮ ಪ್ರಬಂಧದಲ್ಲಿ ಚರ್ಚೆಯ ದಿಕ್ಕನ್ನೇ ಬದಲಿಸಿದರು. ಅದೃಷ್ಟದ ಲೆಕ್ಕಾಚಾರದಲ್ಲಿ ಮುಳುಗಿದ ತತ್ತ್ವಜ್ಞರು ಸಮಾನತೆಗಾಗಿ ನಡೆದ ನಿಜವಾದ ಹೋರಾಟಗಳನ್ನೇ ಮರೆತಿದ್ದಾರೆ ಎಂಬುದು ಆಂಡರ್ಸನ್ ದೂರು. ಗುಲಾಮಗಿರಿಯ ವಿರುದ್ಧ, ವರ್ಣಭೇದದ ವಿರುದ್ಧ, ಗಂಡಾಳಿಕೆಯ ವಿರುದ್ಧ ಹೋರಾಡಿದವರು ಕೇಳಿದ್ದು ದುರದೃಷ್ಟಕ್ಕೆ ಪರಿಹಾರವನ್ನಲ್ಲ. ಯಾರೂ ಯಾರ ಕಾಲಕೆಳಗೂ ಇರದ, ಯಾರೂ ಯಾರ ಎದುರೂ ತಲೆತಗ್ಗಿಸಬೇಕಿಲ್ಲದ ಸಮಾಜವನ್ನು ಅವರು ಕೇಳಿದರು.

ಅದೃಷ್ಟ ಸಮತಾವಾದದ ಎರಡು ಕ್ರೌರ್ಯಗಳನ್ನು ಆಂಡರ್ಸನ್ ಎತ್ತಿ ತೋರಿಸುತ್ತಾರೆ. ತಪ್ಪು ಮಾಡಿದವರ ಬಗ್ಗೆ ಅದು ನಿರ್ದಯಿ: ವಿಮೆಯಿಲ್ಲದೆ ಅಜಾಗರೂಕತೆಯಿಂದ ಗಾಡಿ ಓಡಿಸಿ ಅಪಘಾತಕ್ಕೊಳಗಾದವರನ್ನು, ಆಯ್ಕೆ ಅವರದೇ ಎಂದು ರಸ್ತೆಯಲ್ಲೇ ಬಿಟ್ಟುಹೋಗಲು ಅದು ಅನುಮತಿಸುತ್ತದೆ. ಮಕ್ಕಳನ್ನು, ಮುದುಕರನ್ನು ನೋಡಿಕೊಳ್ಳಲು ನೌಕರಿ ಬಿಟ್ಟ ಹೆಂಗಸಿನ ಬಡತನವೂ ಆ ಲೆಕ್ಕದಲ್ಲಿ ಸ್ವಂತ ಆಯ್ಕೆಯೇ ಆಗಿಬಿಡುತ್ತದೆ. ಪರಿಹಾರ ಪಡೆಯುವವರನ್ನು ಅದು ಅವಮಾನಿಸುತ್ತದೆ ಎಂಬುದು ಎರಡನೆಯದು. ನೆರವು ಬೇಕಿದ್ದರೆ ತಾವು ಹುಟ್ಟಿನಿಂದಲೇ ಇತರರಿಗಿಂತ ಕಡಿಮೆ ಎಂದು ಅಧಿಕಾರಿಗಳ ಮುಂದೆ ಸಾಬೀತು ಮಾಡಬೇಕು. ಬ್ರಿಟನ್ನಿನ ಜೊನಾಥನ್ ವೂಲ್ಫ್ 1998ರಲ್ಲಿ ಇದೇ ಮಾತನ್ನು ನಿರುದ್ಯೋಗ ಭತ್ಯೆಯ ಸಂದರ್ಭದಲ್ಲಿ ಆಡಿದ್ದರು: ಎಲ್ಲರಿಗೂ ಕೆಲಸ ಸಿಗುವ ಕಾಲದಲ್ಲಿ ತನಗೆ ಮಾತ್ರ ಯಾವ ಯೋಗ್ಯತೆಯೂ ಇಲ್ಲ ಎಂದು ಒಪ್ಪಿಕೊಂಡು ಭತ್ಯೆ ಪಡೆಯುವುದು, ಹಣ ಕೊಟ್ಟು ಮಾನ ಕಳೆದಂತೆ. ಭಾರತದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಮೀಸಲಾತಿಗೆ ಕನಿಷ್ಠ ಶೇಕಡಾ 40ರಷ್ಟು ನ್ಯೂನತೆಯ ಪ್ರಮಾಣಪತ್ರ ಬೇಕು. ಇಂಥ ಅಳತೆ ಆಡಳಿತಕ್ಕೆ ಅನಿವಾರ್ಯವಿರಬಹುದು. ಆದರೆ ಅಳೆಯುವ ರೀತಿಯಲ್ಲಿ ಘನತೆ ಉಳಿಯುತ್ತದೆಯೇ ಎಂಬುದು ನ್ಯಾಯದ ಪ್ರಶ್ನೆಯೇ ಹೊರತು ಬರೀ ಸೌಜನ್ಯದ ಪ್ರಶ್ನೆಯಲ್ಲ.

ಐರಿಸ್ ಮೇರಿಯನ್ ಯಂಗ್ 1990ರಲ್ಲೇ ನ್ಯಾಯವನ್ನು ಹಂಚಿಕೆಗೆ ಇಳಿಸಬಾರದು ಎಂದು ವಾದಿಸಿದ್ದರು. ಯಾರು ತೀರ್ಮಾನಿಸುತ್ತಾರೆ, ಯಾರ ದುಡಿಮೆಗೆ ಗೌರವವಿದೆ, ಯಾರ ಬದುಕಿನ ಕ್ರಮ ಸಹಜ ಎನಿಸಿಕೊಳ್ಳುತ್ತದೆ ಎಂಬವನ್ನು ವಸ್ತುಗಳಂತೆ ಪಾಲು ಮಾಡಲಾಗದು. ನ್ಯಾನ್ಸಿ ಫ್ರೇಸರ್ ಮತ್ತು ಆಕ್ಸೆಲ್ ಹೊನ್ನೆತ್ 2003ರಲ್ಲಿ ಒಟ್ಟಾಗಿ ಹೊರತಂದ ಪುಸ್ತಕದಲ್ಲಿ, ಮರುಹಂಚಿಕೆ ಮತ್ತು ಮನ್ನಣೆ ಇವೆರಡರ ಸಂಬಂಧವೇನು ಎಂದು ಪರಸ್ಪರ ವಾದಿಸಿದ್ದಾರೆ. ಎರಡೂ ಬೇರೆ ಬೇರೆ, ಎರಡೂ ಬೇಕು ಎಂಬುದು ಫ್ರೇಸರ್ ಪಕ್ಷ. ಮನ್ನಣೆಯೇ ಮೂಲ, ಹಂಚಿಕೆಯ ಜಗಳವೂ ಅದರಿಂದಲೇ ಹುಟ್ಟುತ್ತದೆ ಎಂಬುದು ಹೊನ್ನೆತ್ ಪಕ್ಷ.

ಅಂಬೇಡ್ಕರ್ ಮತ್ತು ಸಂವಿಧಾನ

ಸಂಬಂಧದ ಈ ಪ್ರಶ್ನೆಯನ್ನು ಬಿ.ಆರ್. ಅಂಬೇಡ್ಕರ್ ದಶಕಗಳ ಮುಂಚೆಯೇ ಭಾರತದ ಮುಂದೆ ಇಟ್ಟಿದ್ದರು. 1927ರ ಮಾರ್ಚ್‌ನಲ್ಲಿ ಮಹಾಡಿನ ಚವದಾರ್ ಕೆರೆಯ ನೀರು ಕುಡಿಯಲು ದಲಿತರು ಹೊರಟ ಸತ್ಯಾಗ್ರಹ ಬರೀ ನೀರಿಗಾಗಿ ನಡೆದದ್ದಲ್ಲ. ಬೇರೆಡೆಯಿಂದ ನೀರು ತಂದುಕೊಟ್ಟಿದ್ದರೆ ಬೇಡಿಕೆ ತೀರುತ್ತಿರಲಿಲ್ಲ. ಎಲ್ಲರೂ ಮುಟ್ಟುವ ಕೆರೆಯನ್ನು ತಾವೂ ಮುಟ್ಟುವ ಮನುಷ್ಯರು ಎಂದು ಸ್ಥಾಪಿಸುವುದು ಅದರ ಗುರಿ. ಜಾತಿಯನ್ನು ಅಂಬೇಡ್ಕರ್ ಶ್ರೇಣೀಕೃತ ಅಸಮಾನತೆ ಎಂದು ವಿಶ್ಲೇಷಿಸಿದರು. ಮೆಟ್ಟಿಲುಮೆಟ್ಟಿಲಾಗಿ ಜೋಡಿಸಿದ ಈ ಏರ್ಪಾಡಿನಲ್ಲಿ ಮೇಲಿನವರ ಬಗ್ಗೆ ಅಸಮಾಧಾನವಿರುವ ಪ್ರತಿಯೊಬ್ಬರಿಗೂ ಕೆಳಗೆ ಯಾರೋ ಇದ್ದಾರೆ ಎಂಬ ಸಮಾಧಾನವಿರುತ್ತದೆ. ಆದ್ದರಿಂದಲೇ ಎಲ್ಲರೂ ಒಟ್ಟಾಗಿ ಅದರ ವಿರುದ್ಧ ಏಳುವುದು ಕಷ್ಟ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತ ಅಂಬೇಡ್ಕರ್, ಗಣರಾಜ್ಯದೊಂದಿಗೆ ದೇಶ ಒಂದು ವೈರುಧ್ಯದ ಬದುಕಿಗೆ ಕಾಲಿಡುತ್ತಿದೆ ಎಂದು ಎಚ್ಚರಿಸಿದರು. ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಆರ್ಥಿಕ ಬದುಕಿನಲ್ಲಿ ಅಸಮಾನತೆ. ಇದು ಹೀಗೇ ಮುಂದುವರಿದರೆ ಪ್ರಜಾಪ್ರಭುತ್ವಕ್ಕೇ ಅಪಾಯ. ಸಂವಿಧಾನದ ಕೆಲವು ವಿಧಿಗಳು ಈ ಚಿಂತನೆಯ ಕುರುಹುಗಳು. ಅಸ್ಪೃಶ್ಯತೆಯನ್ನು ರದ್ದುಪಡಿಸುವ 17ನೆಯ ವಿಧಿ ಯಾರಿಗೂ ಯಾವ ವಸ್ತುವನ್ನೂ ಹಂಚುವುದಿಲ್ಲ. ಅದು ಒಂದು ಸಂಬಂಧವನ್ನು ನಿಷೇಧಿಸುತ್ತದೆ. ಬಿರುದುಗಳನ್ನು ತೆಗೆದುಹಾಕುವ 18ನೆಯ ವಿಧಿ, ಬಿಟ್ಟಿಚಾಕರಿಯನ್ನು ನಿಷೇಧಿಸುವ 23ನೆಯ ವಿಧಿ ಕೂಡ ಹೀಗೆಯೇ. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟಗಳಿಗೆ ಪ್ರವೇಶ ತಡೆಯಬಾರದು ಎನ್ನುವ 15(2)ನೆಯ ವಿಧಿ ನಾಗರಿಕರು ಒಬ್ಬರನ್ನೊಬ್ಬರು ನಡೆಸಿಕೊಳ್ಳುವ ರೀತಿಗೂ ಅನ್ವಯಿಸುತ್ತದೆ.

ಮೀಸಲಾತಿ: ಯಾವ ಸಮಾನತೆಗಾಗಿ?

ಸಮಾನತೆಯ ಈ ಬೇರೆ ಬೇರೆ ಅರ್ಥಗಳು ಮುಖಾಮುಖಿಯಾದ ಮುಖ್ಯ ಕಣ ಮೀಸಲಾತಿ. ಇದರಲ್ಲಿ ಮೈಸೂರಿನ ಪಾತ್ರ ದೊಡ್ಡದು. ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿಯನ್ನು ನೇಮಿಸಿ, ಸರ್ಕಾರಿ ನೌಕರಿಯಲ್ಲಿ ಹಿಂದುಳಿದ ಸಮುದಾಯಗಳಿಗೆ ಪಾಲು ಕೊಡುವ ದಾರಿಗೆ ನಾಂದಿ ಹಾಡಿದರು. ದಿವಾನ್ ವಿಶ್ವೇಶ್ವರಯ್ಯ ಈ ನಿಲುವನ್ನು ಒಪ್ಪಲಿಲ್ಲ. ಆಡಳಿತದ ದಕ್ಷತೆ ಮತ್ತು ಪ್ರಾತಿನಿಧ್ಯದ ನಡುವಿನ ವಾದ ಅಂದಿನಿಂದಲೂ ನಡೆದು ಬಂದಿದೆ.

1962ರಲ್ಲಿ ಮೈಸೂರು ಸರ್ಕಾರ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಶೇಕಡಾ 68ರಷ್ಟು ಸೀಟುಗಳನ್ನು ಮೀಸಲಿಟ್ಟಾಗ, ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ವಿಶೇಷ ಸೌಲಭ್ಯ ಸ್ಥೂಲವಾಗಿ ಅರ್ಧಕ್ಕಿಂತ ಕಡಿಮೆ ಇರಬೇಕು, ಹಿಂದುಳಿದಿರುವಿಕೆಗೆ ಜಾತಿಯೊಂದೇ ಅಳತೆಯಾಗದು ಎಂಬುದು ತೀರ್ಪಿನ ಸಾರ. ಇಲ್ಲಿ ಮೀಸಲಾತಿ ಸಮಾನತೆಗೆ ಒಂದು ಅಪವಾದ. ಆದರೆ 1975ರಲ್ಲಿ ತೀರ್ಮಾನವಾದ ಕೇರಳ ಸರ್ಕಾರ ಮತ್ತು ಎನ್.ಎಂ. ಥಾಮಸ್ ನಡುವಿನ ಪ್ರಕರಣದಲ್ಲಿ ನ್ಯಾಯಮೂರ್ತಿಗಳ ಬಹುಮತ ಬೇರೆ ದಾರಿ ಹಿಡಿಯಿತು. ಅಸಮಾನರನ್ನು ಒಂದೇ ರೀತಿ ನಡೆಸಿಕೊಳ್ಳುವುದು ಸಮಾನತೆಯಲ್ಲ; ಮೀಸಲಾತಿ ಸಮಾನತೆಯ ಒಂದು ರೂಪವೇ ಹೊರತು ಅಪವಾದವಲ್ಲ. 1992ರ ಇಂದ್ರಾ ಸಾಹ್ನಿ ತೀರ್ಪು ಈ ನಿಲುವನ್ನು ಗಟ್ಟಿಗೊಳಿಸುತ್ತಲೇ ಅರ್ಧದ ಮಿತಿಯನ್ನೂ ಹಿಂದುಳಿದ ವರ್ಗಗಳಲ್ಲಿ ಮುಂದುವರಿದವರನ್ನು ಮೀಸಲಾತಿಯಿಂದ ಹೊರಗಿಡುವ ಕೆನೆಪದರದ ನಿಯಮವನ್ನೂ ತಂದಿತು.

2019ರ 103ನೆಯ ತಿದ್ದುಪಡಿ ಆರ್ಥಿಕವಾಗಿ ದುರ್ಬಲರಾದವರಿಗೆ, ಆಗಲೇ ಮೀಸಲಾತಿ ಇರುವ ಸಮುದಾಯಗಳನ್ನು ಹೊರಗಿಟ್ಟು, ಶೇಕಡಾ ಹತ್ತರಷ್ಟು ಮೀಸಲಾತಿ ಕೊಟ್ಟಾಗ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಬಂತು. ಬಡತನವೇ ಅಳತೆಯಾದರೆ ಮೀಸಲಾತಿ ಹಂಚಿಕೆಯ ಸಾಧನವಾಗುತ್ತದೆ; ಹೊರಗಿಡಲ್ಪಟ್ಟವರ ಪ್ರಾತಿನಿಧ್ಯ ಅಳತೆಯಾದರೆ ಸಂಬಂಧವನ್ನು ಬದಲಿಸುವ ಸಾಧನವಾಗುತ್ತದೆ. 2022ರಲ್ಲಿ ಸುಪ್ರೀಂ ಕೋರ್ಟಿನ ಐವರಲ್ಲಿ ಮೂವರು ನ್ಯಾಯಮೂರ್ತಿಗಳು ತಿದ್ದುಪಡಿಯನ್ನು ಎತ್ತಿಹಿಡಿದರು. ಬಡವರಲ್ಲೇ ದಲಿತ, ಆದಿವಾಸಿ, ಹಿಂದುಳಿದ ಬಡವರನ್ನು ಹೊರಗಿಡುವುದು ಸಮಾನತೆಗೆ ವಿರುದ್ಧ ಎಂದು ಇಬ್ಬರು ಭಿನ್ನಮತ ಬರೆದರು. 2024ರ ಆಗಸ್ಟ್‌ನಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಪರಿಶಿಷ್ಟ ಜಾತಿಗಳೊಳಗೆ ಒಳವರ್ಗೀಕರಣಕ್ಕೆ ಅವಕಾಶ ಕೊಟ್ಟಾಗ, ಅಂಬೇಡ್ಕರ್ ಹೇಳಿದ ಮೆಟ್ಟಿಲುಗಳು ಕೆಳಸ್ತರದೊಳಗೂ ಇವೆ ಎಂಬುದಕ್ಕೆ ಕಾನೂನಿನ ಮನ್ನಣೆ ಸಿಕ್ಕಿತು.

ಈ ವಾದಗಳಲ್ಲೆಲ್ಲ ಪ್ರತಿಭೆಯ ಮಾತು ಬಂದೇ ಬರುತ್ತದೆ. ಬ್ರಿಟಿಷ್ ಸಮಾಜಶಾಸ್ತ್ರಜ್ಞ ಮೈಕೆಲ್ ಯಂಗ್ 1958ರಲ್ಲಿ ಪ್ರತಿಭೆಯೇ ಆಳುವ ಸಮಾಜವನ್ನು ವ್ಯಂಗ್ಯವಾಗಿ ಚಿತ್ರಿಸಿದ್ದರು. ಮುಂದೆ ಜನ ಅದನ್ನೇ ಆದರ್ಶವಾಗಿ ಸ್ವೀಕರಿಸಿದರು. ಮೈಕೆಲ್ ಸ್ಯಾಂಡೆಲ್ 2020ರ ಪುಸ್ತಕದಲ್ಲಿ, ಗೆದ್ದವರಿಗೆ ಅಹಂಕಾರವನ್ನೂ ಸೋತವರಿಗೆ ಅವಮಾನವನ್ನೂ ತರುವುದು ಈ ಆದರ್ಶದ ಒಳಗಿನ ದೋಷ ಎಂದರು. ಸೇನ್ ದೃಷ್ಟಿಯಲ್ಲಿ ಪ್ರತಿಭೆ ಎಂಬುದು ಸ್ವತಂತ್ರವಾಗಿ ನಿಲ್ಲುವ ಗುಣವಲ್ಲ. ಸಮಾಜ ಯಾವ ಫಲವನ್ನು ಬಯಸುತ್ತದೆ ಎಂಬುದರ ಮೇಲೆ ಯಾರು ಪ್ರತಿಭಾವಂತರು ಎಂಬುದು ನಿಂತಿದೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ನೌಕರರ ಬಡ್ತಿ ಮತ್ತು ಜ್ಯೇಷ್ಠತೆಗೆ ಸಂಬಂಧಿಸಿದ ಕರ್ನಾಟಕದ ಕಾಯ್ದೆಯನ್ನು ಎತ್ತಿಹಿಡಿದ 2019ರ ಬಿ.ಕೆ. ಪವಿತ್ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸೇನ್ ಅವರ ಈ ವಾದವನ್ನು ಆಧಾರವಾಗಿ ಬಳಸಿಕೊಂಡಿತು. ಪರೀಕ್ಷೆಯ ಅಂಕವಷ್ಟೇ ಪ್ರತಿಭೆಯಲ್ಲ. ಸಂವಿಧಾನದ ಗುರಿಗಳನ್ನು ಈಡೇರಿಸುವ ನೇಮಕವೂ ಪ್ರತಿಭೆಯ ಲೆಕ್ಕಕ್ಕೆ ಸೇರುತ್ತದೆ ಎಂಬುದು ಅದರ ನಿಲುವು.

ಮೂರು ಅಳತೆಗಳು ಒಟ್ಟಿಗೆ

ಹಂಚಿಕೆ, ಸಾಮರ್ಥ್ಯ, ಸಂಬಂಧ ಎಂಬ ಈ ಮೂರು ಉತ್ತರಗಳಲ್ಲಿ ಒಂದನ್ನು ಹಿಡಿದು ಉಳಿದೆರಡನ್ನು ಬಿಡಬೇಕಾದ ಅಗತ್ಯವಿಲ್ಲ. 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ದೇಶದ ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಿಗೆ ಬಂದ, ಕರ್ನಾಟಕದಲ್ಲಿ ಅಕ್ಷರ ದಾಸೋಹ ಎಂದು ಕರೆಯಲಾಗುವ ಬಿಸಿಯೂಟವನ್ನು ಮೂರೂ ಅಳತೆಗಳಿಂದ ಪರೀಕ್ಷಿಸಬಹುದು. ಪ್ರತಿ ಮಗುವಿಗೂ ನಿಗದಿತ ಪ್ರಮಾಣದ ಊಟ ಸಿಕ್ಕಿತೇ ಎಂಬುದು ಹಂಚಿಕೆಯ ಪ್ರಶ್ನೆ. ಆ ಊಟದಿಂದ ಮಗುವಿನ ರಕ್ತಹೀನತೆ ನೀಗಿತೇ, ಮಧ್ಯಾಹ್ನದ ತರಗತಿಯಲ್ಲಿ ಕುಳಿತು ಕಲಿಯುವಂತಾಯಿತೇ ಎಂಬುದು ಸಾಮರ್ಥ್ಯದ ಪ್ರಶ್ನೆ. ಎಲ್ಲ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಕೂತು, ದಲಿತ ಹೆಂಗಸು ಬೇಯಿಸಿ ಬಡಿಸಿದ್ದನ್ನು ಉಂಡರೇ ಎಂಬುದು ಸಂಬಂಧದ ಪ್ರಶ್ನೆ. ಅಡುಗೆಯವರ ಜಾತಿಯ ಕಾರಣಕ್ಕೆ ಮಕ್ಕಳನ್ನು ಊಟದಿಂದ ಬಿಡಿಸಿದ ಘಟನೆಗಳು ಹಲವು ರಾಜ್ಯಗಳಿಂದ ವರದಿಯಾಗಿವೆ. ಅಂಥ ಶಾಲೆಯಲ್ಲಿ ಅಕ್ಕಿಬೇಳೆಯ ಲೆಕ್ಕ ಸರಿಯಿದ್ದರೂ ಮೂರನೆಯ ಅಳತೆಯಲ್ಲಿ ಯೋಜನೆ ಸೋತಿರುತ್ತದೆ. ಎಲ್ಲರೂ ಒಟ್ಟಿಗೆ ಕೂತರೂ ತಟ್ಟೆಯಲ್ಲಿ ಬರೀ ನೀರುಸಾರು ಇದ್ದರೆ ಮೊದಲೆರಡರಲ್ಲಿ ಸೋತಿರುತ್ತದೆ.

ಮೂರೂ ಒಂದೇ ದಿಕ್ಕಿಗೆ ಎಳೆದಾಗ ತೊಡಕಿಲ್ಲ. ಸೀಮಿತ ಹಣದಲ್ಲಿ ಯಾವುದಕ್ಕೆ ಮೊದಲು ಎಂಬ ಪ್ರಶ್ನೆ ಬಂದಾಗ, ಅಥವಾ ನೆರವು ತಲುಪಿಸುವ ಕ್ರಮವೇ ಘನತೆಗೆ ಕುಂದು ತಂದಾಗ, ಅವು ಒಂದರ ವಿರುದ್ಧ ಒಂದು ನಿಲ್ಲುತ್ತವೆ. ಅಂಥ ಸಂದರ್ಭಗಳಿಗೆ ಸಿದ್ಧ ಸೂತ್ರವನ್ನು ಯಾವ ತತ್ತ್ವಜ್ಞರೂ ಕೊಟ್ಟಿಲ್ಲ. ಯಾವ ಸಮಾನತೆಗಾಗಿ ಯಾವುದನ್ನು ಬಿಟ್ಟುಕೊಡುತ್ತಿದ್ದೇವೆ ಎಂದು ಹೆಸರಿಟ್ಟು ಹೇಳುವಂತೆ ಆಳುವವರನ್ನು ಒತ್ತಾಯಿಸುವುದು, ಆ ವಿವರಣೆ ಅತ್ಯಂತ ಕೆಳಗಿರುವವರಿಗೂ ಒಪ್ಪಿಗೆಯಾಗುತ್ತದೆಯೇ ಎಂದು ಪರೀಕ್ಷಿಸುವುದು: ಐದು ದಶಕಗಳ ಈ ಚರ್ಚೆಯಿಂದ ಪ್ರಜಾಪ್ರಭುತ್ವಕ್ಕೆ ದೊರೆತಿರುವ ಸಾಧನ ಇದು.